ಮೊದಲ ಸ್ಲ್ಯಾಬಿನ ಕೆಳಗಿದ್ದ ಗಳಗಳು

ಕಳೆದ ವರ್ಷ ಒಂದು ಪಾಲಿಟೆಕ್ನಿಕ್ಕಿನವರು ನನ್ನನ್ನು ಕರೆದು, ಹಾರ ಹಾಕಿ, ದೊಡ್ಡ ವಾಣಿಜ್ಯ ಕಟ್ಟಡಗಳ ಸಾಮಗ್ರಿ ಮತ್ತು ರಚನೆ ಎಂಬ ವಿಷಯದ ಮೇಲೆ ಒಂದು ಗಂಟೆ ಮಾತನಾಡಿಸಿದರು. ಮೂವತ್ತಾರು ವರ್ಷ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಎಂದು ಈ ನಾಲ್ಕು ತಾಲ್ಲೂಕು ಸುತ್ತಿ ಅಂಗಡಿ ಸಂಕೀರ್ಣ, ಕಲ್ಯಾಣ ಮಂಟಪ, ಗೋದಾಮು, ಲಾಡ್ಜು ಕಟ್ಟಿಸಿದವನು ನಾನು. ಕಾಂಕ್ರೀಟು, ಕಬ್ಬಿಣ, ಎಂ-ಸ್ಯಾಂಡು ಎಂದು ಸರಾಗವಾಗಿ ಹೇಳಿದೆ. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, ಕ್ಯೂಬ್ ಟೆಸ್ಟ್ ಪಾಸಾದ್ರೆ ಸ್ಲ್ಯಾಬ್ ಗಟ್ಟಿಯಾಗಿದೆ ಅಂತ ನಂಬಬಹುದಾ?" ಎಂದು ಕೇಳಿದಳು.

"ನಂಬಬಹುದಮ್ಮ" ಎಂದೆ. ಚಪ್ಪಾಳೆ ಬಿತ್ತು. ಹಣ್ಣಿನ ಬುಟ್ಟಿ ಕೊಟ್ಟು ಕಾರಿನಲ್ಲಿ ಮನೆಗೆ ಬಿಟ್ಟರು. ಆ ಬುಟ್ಟಿಯನ್ನು ಬಿಚ್ಚಲು ನನಗೆ ಮನಸ್ಸಾಗಲಿಲ್ಲ. ಆ ಹುಡುಗಿಗೆ ನಾನು ಹೇಳಿದ್ದು ಸುಳ್ಳು. ಅದೇ ಸುಳ್ಳನ್ನು ಹನ್ನೆರಡು ವರ್ಷದ ಹಿಂದೆ ನನಗೇ ಹೇಳಿಕೊಂಡಿದ್ದೆ, ಅದರಿಂದ ಒಬ್ಬ ಹೆಂಗಸು ಸತ್ತಳು, ಒಬ್ಬ ಮೇಸ್ತ್ರಿ ಬದುಕಿದ್ದೂ ಸತ್ತವನಂತಾದ. ಸೈಟಿಗೆ ಹೊಸದಾಗಿ ಕಾಲಿಡುವ ನಿಮಗೆ ಅವತ್ತು ಹೇಳಬೇಕಾಗಿದ್ದದ್ದನ್ನು ಈಗ ಬರೆಯುತ್ತಿದ್ದೇನೆ. ನಾನು ಸೂಪರ್‌ವೈಸರ್ ಆಗಿ ಸೇರಿ ಮುಂದೆ ಏನೇನು ಆದೆ ಎಂಬುದನ್ನೆಲ್ಲ ಬಿಟ್ಟುಬಿಡಿ, ಅದರಿಂದ ಯಾರಿಗೂ ಉಪಯೋಗವಿಲ್ಲ.

ನಾನು ಕೆಲಸಕ್ಕೆ ಸೇರಿದ್ದು ಮೈಸೂರಿನ ಒಬ್ಬ ಕಂಟ್ರಾಕ್ಟರರ ಬಳಿ. ಮೊದಲ ಸೈಟು ಕೆ.ಆರ್. ನಗರದಲ್ಲಿ, ಎರಡು ಅಂತಸ್ತಿನ ಅಂಗಡಿ ಸಾಲು. ಆಗ ಗೋಡೆಯೇ ಭಾರ ಹೊರುತ್ತಿತ್ತು. ಸೈಜುಗಲ್ಲಿನ ಪಾಯ, ಒಂದೂವರೆ ಇಟ್ಟಿಗೆ ದಪ್ಪದ ಗೋಡೆ, ಅದರ ಮೇಲೆ ಸ್ಲ್ಯಾಬ್. ಅಂಗಡಿಯವರಿಗೆ ಗೋಡೆ ಬೇಡ, ಜಾಗ ಬೇಕು. ಹಾಗಾಗಿ ಕೆಲವೇ ವರ್ಷಗಳಲ್ಲಿ ಎಲ್ಲರೂ ಕಂಬ ಮತ್ತು ತೊಲೆಯ ಕಾಂಕ್ರೀಟ್ ಚೌಕಟ್ಟಿಗೆ ಬಂದರು. ಗೋಡೆ ಬರೀ ಪರದೆಯಾಯಿತು. ಕೊನೆಕೊನೆಗೆ ಗೋದಾಮುಗಳಿಗೆ ಕಂಬವೂ ಬೇಡವಾಗಿ, ಫ್ಯಾಕ್ಟರಿಯಲ್ಲಿ ಮಾಡಿದ ಕಬ್ಬಿಣದ ಕಮಾನುಗಳನ್ನು ಲಾರಿಯಲ್ಲಿ ತಂದು, ಬೋಲ್ಟ್ ಹಾಕಿ ನಿಲ್ಲಿಸಿ, ಮೇಲೆ ಶೀಟು ಹೊದಿಸಿ ಹೊರಟುಬಿಡುತ್ತಿದ್ದರು. ಒಂದು ತಿಂಗಳಲ್ಲಿ ಗೋದಾಮು ಎದ್ದು ನಿಲ್ಲುತ್ತಿತ್ತು. ನಮ್ಮಂಥ ಹಳಬರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು.

ನನಗೆ ಕೆಲಸ ಕಲಿಸಿದವರು ರಾಮಶೇಷು ಎಂಬ ಹಿರಿಯ ಇಂಜಿನಿಯರು. ಸಣಕಲು ಮನುಷ್ಯ, ಮೂಗಿನ ತುದಿಯಲ್ಲಿ ಕೋಪ. ಕೈಯಲ್ಲಿ ಯಾವಾಗಲೂ ಒಂದು ಸಣ್ಣ ಸುತ್ತಿಗೆ. ಕಂಬ, ತೊಲೆಗಳನ್ನು ಆ ಸುತ್ತಿಗೆಯಿಂದ ತಟ್ಟಿ, ಕಿವಿ ಕೊಟ್ಟು ಕೇಳುತ್ತಿದ್ದರು. ಸದ್ದು ಕಿಣಿಕಿಣಿ ಬಂದರೆ ಮುಂದೆ ಹೋಗುವರು, ಡಬಡಬ ಎಂದರೆ ಆ ದಿನ ನಮ್ಮ ಜನ್ಮ ಜಾಲಾಡುವರು.

ಪಿರಿಯಾಪಟ್ಟಣದಲ್ಲಿ ಒಂದು ಕಲ್ಯಾಣ ಮಂಟಪದ ಪಾಯಕ್ಕೆ ಗುರುತು ಹಾಕಿದ್ದೆ. ನಾಲ್ಕು ಮೂಲೆಗೆ ಗೂಟ ಹೊಡೆದು, ದಾರ ಕಟ್ಟಿ, ಕಂಬಗಳ ಜಾಗಕ್ಕೆ ಸುಣ್ಣ ಚೆಲ್ಲಿ ಮನೆಗೆ ಹೋದೆ. ಮರುದಿನ ಬಂದು ನೋಡಿದರೆ ಒಂದು ಗೂಟಕ್ಕೆ ಯಾರೋ ಎಮ್ಮೆ ಕಟ್ಟಿದ್ದಾರೆ. ಎಮ್ಮೆ ಓಡಿಸಿದೆನೇ ಹೊರತು ಗೂಟ ಅಲ್ಲಾಡಿದೆಯೋ ಎಂದು ಅಳತೆ ಹಿಡಿಯಲಿಲ್ಲ. ಐದು ಕಂಬಗಳ ಪಾಯ ಹಾಕಿದ ಮೇಲೆ ಸಾಲು ಓರೆಯಾಗಿರುವುದು ಕಣ್ಣಿಗೆ ಬಿತ್ತು. ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ರಾಮಶೇಷು ಅವರಿಗೆ ಹೋಗಿ ಹೇಳಿದೆ.

ಅವರು ಬೈಯಲಿಲ್ಲ. ಒಂದು ಚಮಟಿಗೆ ತರಿಸಿ ನನ್ನ ಕೈಗೆ ಕೊಟ್ಟು, "ಒಡಿ" ಎಂದರು. ಆಳುಗಳು ನಗುತ್ತ ನಿಂತಿರುವಾಗ ಅರ್ಧ ದಿನ ನಾನೇ ಒಡೆದೆ. ಅಂಗೈ ಬೊಬ್ಬೆ ಎದ್ದಿತು. ಸಂಜೆ ಟೀ ಕುಡಿಸಿ ಅವರೆಂದರು: "ಎಮ್ಮೆ ಮೇಲೆ ಹಾಕದೆ ನೀನೇ ಬಂದು ಹೇಳಿದೆಯಲ್ಲ, ಅದೊಂದು ಉಳಿಸಿಕೋ ಸಾಕು." ನಾನು ಅದನ್ನು ಉಳಿಸಿಕೊಳ್ಳಲಿಲ್ಲ.

ಈಗ ಕ್ಯೂಬಿನ ವಿಚಾರ. ಸ್ಲ್ಯಾಬಿಗೆ ಸುರಿಯುವ ಕಾಂಕ್ರೀಟಿನಲ್ಲೇ ಸ್ವಲ್ಪ ತೆಗೆದು ಆರು ಇಂಚಿನ ಕಬ್ಬಿಣದ ಅಚ್ಚಿನಲ್ಲಿ ತುಂಬಿ, ನೀರಿನ ತೊಟ್ಟಿಯಲ್ಲಿಟ್ಟು, ಏಳನೇ ದಿನ ಕೆಲವನ್ನು, ಇಪ್ಪತ್ತೆಂಟನೇ ದಿನ ಕೆಲವನ್ನು ಯಂತ್ರದಲ್ಲಿ ಒತ್ತಿ ಒಡೆಯುತ್ತಾರೆ. ಎಷ್ಟು ಭಾರ ತಡೆಯಿತೋ ಅದೇ ಸ್ಲ್ಯಾಬಿನ ಶಕ್ತಿ ಎಂದು ಲೆಕ್ಕ. ಪುಸ್ತಕದಲ್ಲಿ ಇರುವುದು ಇಷ್ಟು.

ಸೈಟಿನಲ್ಲಿ ನಡೆಯುವುದು ಬೇರೆ. ರಾಮಶೇಷು ನಿವೃತ್ತರಾದ ಮೇಲೆ ಬಂದ ಮ್ಯಾನೇಜರಿಗೆ ರಿಪೋರ್ಟು ಪಾಸಾದರೆ ಸಾಕಿತ್ತು. ಹೊಳೆ ಮರಳು ಸಿಗುವುದು ನಿಂತು, ಕಲ್ಲು ಅರೆದು ಮಾಡುವ ಎಂ-ಸ್ಯಾಂಡ್ ಬಂದ ಹೊಸತು. ಒಂದು ಲೋಡು ಚೆನ್ನಾಗಿದ್ದರೆ ಇನ್ನೊಂದರಲ್ಲಿ ಬರೀ ಹಿಟ್ಟು. ಕಾಂಕ್ರೀಟು ಬಿಗಿಯಾಗಿ ಬಾಂಡ್ಲಿಯಿಂದ ಇಳಿಯುವುದಿಲ್ಲವೆಂದು ಆಳುಗಳು ನೀರು ಸುರಿಯುವರು. ಹೀಗೆ ಒಂದೆರಡು ಸಲ ಕ್ಯೂಬು ಫೇಲಾಯಿತು. ಆಮೇಲೆ ನಾನೊಂದು ಉಪಾಯ ಕಂಡುಕೊಂಡೆ. ಕ್ಯೂಬಿಗೆಂದೇ ಬೇರೆ ಬಾಂಡ್ಲಿಯಲ್ಲಿ, ತೊಳೆದ ಜಲ್ಲಿ, ಒಂದು ಹಿಡಿ ಹೆಚ್ಚು ಸಿಮೆಂಟು, ಅಳೆದ ನೀರು ಹಾಕಿ ನಾನೇ ಕಲಸುತ್ತಿದ್ದೆ. ಆಳುಗಳು ಅದಕ್ಕೆ "ಸಾಹೇಬ್ರು ನೈವೇದ್ಯ ಮಾಡ್ತಾವ್ರೆ" ಎಂದು ತಮಾಷೆ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ. ಆಮೇಲೆ ನನ್ನ ಒಂದು ಕ್ಯೂಬೂ ಫೇಲಾಗಲಿಲ್ಲ. ನಾನು ಮಾತ್ರ ಹೀಗೆ ಮಾಡುತ್ತಿದ್ದೆ ಎಂದುಕೊಳ್ಳಬೇಡಿ. ಹೀಗೆ ಮಾಡದವರು ನನಗೆ ಕಡಿಮೆ ಸಿಕ್ಕಿದ್ದಾರೆ.

ಜವರಪ್ಪನನ್ನು ಕಂಡದ್ದು ಆ ಕಾಲದಲ್ಲೇ. ಬೀಚನಹಳ್ಳಿ ಕಡೆ ಒಂದು ರೆಸಾರ್ಟಿನ ಕೆಲಸ ನಡೆಯುತ್ತಿದ್ದಾಗ ಸೆಂಟ್ರಿಂಗ್ ಮೇಸ್ತ್ರಿಯಾಗಿ ಬಂದ. ಹಸಿ ಕಾಂಕ್ರೀಟನ್ನು ಗಟ್ಟಿಯಾಗುವವರೆಗೆ ಹೊತ್ತುಕೊಂಡು ನಿಲ್ಲುವ ತಗಡು, ಹಲಗೆ, ನೀಲಗಿರಿ ಗಳ, ಇವುಗಳ ಯಜಮಾನ. ಎತ್ತರದ ಆಳು, ಮಾತು ಕಡಿಮೆ. ತನ್ನ ಒಂದೊಂದು ಗಳದ ನಡುವಿಗೂ ನೀಲಿ ಬಣ್ಣದ ಪಟ್ಟೆ ಬಳಿದಿದ್ದ. ಬೇರೆಯವರ ಗಳದೊಂದಿಗೆ ಬೆರೆತರೆ ಗೊತ್ತಾಗಲಿ ಎಂದು. ಅವನ ತಮ್ಮ ಕೆಂಚ, ಇನ್ನೂ ಏಳೆಂಟು ಜನ ಅವನ ಗ್ಯಾಂಗಿನಲ್ಲಿದ್ದರು.

ಒಂದು ಸಲ ಮೇಲಿನ ಮಹಡಿಗೆ ಕಾಂಕ್ರೀಟ್ ಹಾಕುವ ಮುಂಚೆ ಕೆಳಮಹಡಿಯ ಗಳ ತೆಗೆಸೋಣವೇ ಎಂದು ಕೇಳಿದ್ದಕ್ಕೆ ನನ್ನ ಮುಖವನ್ನೇ ನೋಡಿದ. "ಮೇಲ್ಗಡೆ ಗಟ್ಯಾಗೋ ಗಂಟ ಕೆಳ್ಗಡೆ ಗಳ ಮುಟ್ಬಾರ್ದು ಕಣ್ರೀ ಸಾ. ಮೇಲಿನ ಹಸಿ ಕಾಂಕ್ರೀಟು ಗಾಳೀಲ್ ನಿಂತಿರಾಕಿಲ್ಲ. ಕೆಳ್ಗಿನ ಸ್ಲ್ಯಾಬಿನ್ ಎಗಲ್ ಮ್ಯಾಲೆ ಕೂತಿರ್ತದೆ. ಅದಿನ್ನೂ ಎಳೇದು, ಅದ್ಕೂ ಒಂದ್ ಕೋಲು ಬ್ಯಾಡ್ವಾ?" ಎಂದ. ಡಿಪ್ಲೊಮಾದಲ್ಲಿ ನಾನು ಓದಿದ್ದ ಪಾಠವೇ ಅದು. ಅವನಿಗೆ ಅದನ್ನು ಯಾರೂ ಓದಿಸಿರಲಿಲ್ಲ.

ಅವನದು ಇನ್ನೊಂದು ಪದ್ಧತಿ. ಕಾಂಕ್ರೀಟ್ ಬೀಳುವಾಗ ಅದರ ಅಡಿಯಲ್ಲಿ ಒಬ್ಬರನ್ನು ನಿಲ್ಲಿಸುತ್ತಿದ್ದ. ತಗಡಿನ ಸಂದಿಯಿಂದ ಸಿಮೆಂಟು ಹಾಲು ಸೋರಿದರೆ ಚೀಲದ ಕಾಗದ ತುರುಕುವುದು, ಗಳದ ಬುಡದ ಬೆಣೆ ಸಡಿಲವಾದರೆ ಕೂಗಿ ಹೇಳುವುದು ಅವರ ಕೆಲಸ. ಬೇರೆ ಮೇಸ್ತ್ರಿಗಳು ಒಂದು ಆಳು ದಂಡ ಎಂದು ಇದನ್ನು ಮಾಡುತ್ತಿರಲಿಲ್ಲ. ಜವರಪ್ಪ ಸಾಮಾನ್ಯವಾಗಿ ಕೆಂಪಮ್ಮ ಎಂಬ ಹೆಂಗಸನ್ನು ನಿಲ್ಲಿಸುತ್ತಿದ್ದ, ಅವಳ ಕಣ್ಣು ಚುರುಕು ಎಂದು. ಕೆಂಪಮ್ಮ ಬಾಂಡ್ಲಿ ಹೊತ್ತು ಹೊತ್ತು ನೆತ್ತಿ ಬೋಳಾಗಿದ್ದ, ಎಲೆಯಡಿಕೆ ಬಾಯಿಯ ಹೆಂಗಸು. ನನ್ನ ಕ್ಯೂಬಿಗೆ ನೈವೇದ್ಯ ಎಂದು ಹೆಸರಿಟ್ಟವಳು ಅವಳೇ.

ಹುಣಸೂರಿನಲ್ಲಿ ಒಂದು ವಾಣಿಜ್ಯ ಸಂಕೀರ್ಣ ಎದ್ದದ್ದು ಹನ್ನೆರಡು ವರ್ಷದ ಹಿಂದಿನ ಮಳೆಗಾಲದಲ್ಲಿ. ನೆಲಮಹಡಿಯಲ್ಲಿ ದೊಡ್ಡ ಶೋರೂಮು ಬರಬೇಕೆಂದು ಕಂಬಗಳನ್ನು ದೂರ ದೂರ ಇಟ್ಟಿದ್ದರು. ಮೊದಲ ಸ್ಲ್ಯಾಬ್ ಹಾಕಿ ಹದಿನೆಂಟು ದಿನವಾಗಿತ್ತು. ಅದರ ಕೆಳಗೆ ಜವರಪ್ಪನ ಗಳಗಳು ನಿಂತಿದ್ದವು. ಅದರ ಮೇಲೆ ಇನ್ನೊಂದಷ್ಟು ಗಳ ನಿಲ್ಲಿಸಿ, ತಗಡು ಹಾಸಿ, ಕಬ್ಬಿಣ ಕಟ್ಟಿ ಎರಡನೇ ಸ್ಲ್ಯಾಬಿಗೆ ಸಿದ್ಧ ಮಾಡಿದ್ದರು. ಮಂಗಳವಾರ ಕಾಂಕ್ರೀಟ್. ಜವರಪ್ಪ ಶನಿವಾರವೇ ಎಲ್ಲ ಮುಗಿಸಿ, ಗ್ಯಾಂಗು ಕರೆದುಕೊಂಡು ಕೋಟೆ ಕಡೆಯ ಇನ್ನೊಂದು ಸೈಟಿಗೆ ಹೋಗಿದ್ದ. ಮಂಗಳವಾರ ಬೆಳಿಗ್ಗೆ ಬರುವುದೆಂದು ಮಾತು.

ಭಾನುವಾರ ಬೆಳಿಗ್ಗೆ ಕಟ್ಟೆಮಳಲವಾಡಿಯಿಂದ ನಮ್ಮ ಭಾವ ಟ್ರಾಕ್ಟರ್ ತೆಗೆದುಕೊಂಡು ಸೈಟಿಗೆ ಬಂದರು. ಭಾವ ಎಂದರೆ ನನ್ನ ಅಕ್ಕನ ಗಂಡ. ಡಿಪ್ಲೊಮಾ ಓದುವಾಗ ಮೂರು ವರ್ಷ ನಾನು ಅನ್ನ ಉಂಡದ್ದು ಅವರ ಮನೆಯಲ್ಲಿ. ಹೊಗೆಸೊಪ್ಪು ಬೆಳೆಯುವವರು. ಈ ಕಡೆಯವರಲ್ಲದವರಿಗೆ ಒಂದು ಮಾತು: ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಗೂಡಿನೊಳಗೆ ನೇತುಹಾಕಿ, ಹೊರಗಿನ ಒಲೆಗೆ ಸೌದೆ ಒಟ್ಟಿ ಐದಾರು ದಿನ ಬಿಡದೆ ಕಾವು ಕೊಡಬೇಕು. ನಡುವೆ ಕಾವು ಬಿದ್ದರೆ ಇಡೀ ಬ್ಯಾರನ್ನಿನ ಸೊಪ್ಪು ಕಪ್ಪಾಗುತ್ತದೆ.

ಭಾವ ನೆನೆದು ತೊಪ್ಪೆಯಾಗಿದ್ದರು. "ಸೌದೆ ಎಲ್ಲಾ ನೆಂದೋಗದೆ ಕಣಪ್ಪ. ಒಲೆ ಒಗೆ ಕಾರ್ತದೆ, ಉರೀನೇ ಅತ್ತಾಕಿಲ್ಲ. ಇನ್ನ ಮೂರ್ ದಿವ್ಸ ಬೇಯ್ಬೇಕು. ನಿಮ್ಮಕ್ಕ ಒಲೆ ಮುಂದೆ ಕುಂತು ಅಳ್ತಾವಳೆ" ಎಂದರು. ಮಾತಾಡುತ್ತಲೇ ಅವರ ಕಣ್ಣು ನೆಲಮಹಡಿಯ ಕಡೆ ಹೋಯಿತು. ಇಡೀ ತಾಲ್ಲೂಕಿನ ಸೌದೆ ನೆನೆದಿದ್ದಾಗ ಸ್ಲ್ಯಾಬಿನ ಕೆಳಗಿದ್ದ ನೀಲಗಿರಿ ಗಳಗಳು ಮಾತ್ರ ಒಣಗಿ ಗರಿಗರಿಯಾಗಿದ್ದವು.

"ಇವು ಸುಮ್ಕೆ ನಿಂತವಲ್ಲೋ" ಎಂದರು ಭಾವ.

ಸುಮ್ಮನೆ ನಿಂತಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ಅಕ್ಕನ ಮುಖ ಕಣ್ಣೆದುರು ಬಂತು. ಆಮೇಲೆ ತಲೆ ಓಡಿಸತೊಡಗಿದೆ. ಹದಿನೆಂಟು ದಿನದ ಸ್ಲ್ಯಾಬು. ಏಳನೇ ದಿನದ ಕ್ಯೂಬು ಭರ್ಜರಿಯಾಗಿ ಪಾಸಾಗಿದೆ, ಬೇಕಾದದ್ದಕ್ಕಿಂತ ಹೆಚ್ಚೇ ಬಂದಿದೆ. ಒಳಗೆ ಹೋಗಿ ರಿಪೋರ್ಟನ್ನು ಇನ್ನೊಮ್ಮೆ ತೆಗೆದು ನೋಡಿಯೂ ಬಂದೆ. ನಾನೇ ಬೇರೆ ಬಾಂಡ್ಲಿಯಲ್ಲಿ ಕಲಸಿದ ಕ್ಯೂಬು ಅದು. ಆ ಕ್ಷಣದಲ್ಲಿ ಅದು ನೆನಪಿಗೆ ಬರಲಿಲ್ಲ ಎಂದರೆ ನೀವು ನಂಬುವುದಿಲ್ಲ, ನಂಬಲೂಬೇಡಿ. ನೆನಪಿಗೆ ಬಂತು. ಹಾಳೆಯ ಮೇಲಿನ ಅಂಕಿ ನೋಡಿದಾಗ ಧೈರ್ಯವೂ ಬಂತು. ವರ್ಷಗಟ್ಟಲೆ ಬೇರೆಯವರನ್ನು ನಂಬಿಸಿ ನಂಬಿಸಿ ನನಗೂ ಅದನ್ನೇ ನಂಬುವ ಅಭ್ಯಾಸವಾಗಿತ್ತು.

ನಡುವಿನ ಸಾಲುಗಳಿಂದ ಇಪ್ಪತ್ತೆರಡು ಗಳ ಬಿಚ್ಚಿಸಿದೆ. ಸೈಟಿಗೆ ರಜೆ, ವಾಚ್‌ಮನ್ ಊರಿಗೆ ಹೋಗಿದ್ದ. ಭಾವನ ಜೊತೆ ಬಂದಿದ್ದ ಇಬ್ಬರು ಟ್ರೇಲರಿಗೆ ತುಂಬಿದರು. ಸೋಮವಾರ ಮೈಸೂರಿನ ಗೋಡೌನಿನಿಂದ ಕಬ್ಬಿಣದ ಜಾಕಿ ತರಿಸಿ ಆ ಜಾಗದಲ್ಲಿ ನಿಲ್ಲಿಸಿಬಿಡುತ್ತೇನೆ, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡೆ. ಸೋಮವಾರ ಲಾರಿ ಬರಲಿಲ್ಲ. ಮಳೆ, ನಾಳಿದ್ದು ಕಳಿಸುತ್ತೇವೆ ಎಂದರು.

ಮಂಗಳವಾರ ಕಾಂಕ್ರೀಟ್ ನಿಲ್ಲಿಸಬಹುದಾಗಿತ್ತು. ಒಂದು ಫೋನು ಸಾಕಾಗಿತ್ತು. ಏಕೆ ಎಂದು ಮ್ಯಾನೇಜರ್ ಕೇಳಿದರೆ ಗಳದ ವಿಷಯ ಹೇಳಬೇಕಾಗುತ್ತಿತ್ತು, ಅದಕ್ಕೇ ಮಾಡಲಿಲ್ಲ.

ಬೆಳಿಗ್ಗೆ ಜವರಪ್ಪ ಗ್ಯಾಂಗಿನೊಂದಿಗೆ ಬಂದಾಗ ಮಿಕ್ಸರ್ ಆಗಲೇ ತಿರುಗುತ್ತಿತ್ತು. ನೆಲಮಹಡಿಯ ಮುಂಭಾಗಕ್ಕೆ ಸಿಮೆಂಟ್ ಇಟ್ಟಿಗೆ ಪೇರಿಸಿತ್ತು, ಒಳಗೆ ಕಾಣುತ್ತಿರಲಿಲ್ಲ. ಆಳುಗಳು ಪಕ್ಕದ ಏಣಿಯಲ್ಲಿ ನೇರ ಮೇಲಕ್ಕೆ ಹತ್ತುತ್ತಿದ್ದರು. ಅವನು ಏಣಿಯ ಮೇಲೆ ಒಂದು ಕಾಲಿಟ್ಟು ನಿಂತು ನನ್ನ ಕಡೆ ತಿರುಗಿದ.

"ಸಾ, ಕೆಳ್ಗಡೆ ಗಳ ಎಲ್ಲಾ ಅಂಗೇ ಅವೆ ಅಲ್ವ್ರಾ?"

"ಅವೆ, ನಡಿ ಮೇಲೆ" ಎಂದೆ.

ಅವನು ಸಾಮಾನ್ಯವಾಗಿ ತಾನೇ ಹೋಗಿ ನೋಡುವವನು. ಆ ದಿನ ಮಳೆ ಮತ್ತೆ ಶುರುವಾಗುವಂತಿತ್ತು, ಮೇಲಿಂದ ಕೂಗುತ್ತಿದ್ದರು. ನನ್ನ ಮಾತು ನಂಬಿ ಹತ್ತಿದ. ಕೆಂಪಮ್ಮನನ್ನು ಮಾಮೂಲಿನಂತೆ ಮಧ್ಯದ ಮಹಡಿಗೆ, ಅಂದರೆ ಮೊದಲ ಸ್ಲ್ಯಾಬಿನ ಮೇಲೆ, ಬೆಣೆ ನೋಡಲು ಕಳಿಸಿದ.

ಹನ್ನೊಂದು ಗಂಟೆಯ ಹೊತ್ತಿಗೆ ಮುಕ್ಕಾಲು ಪಾಲು ಕಾಂಕ್ರೀಟ್ ಬಿದ್ದಿತ್ತು. ನಾನು ಮಿಕ್ಸರಿನ ಪಕ್ಕ ನೈವೇದ್ಯದ ಬಾಂಡ್ಲಿ ಹಿಡಿದು ಕೂತಿದ್ದೆ. ಒಳಗಿನಿಂದ ಕೆಂಪಮ್ಮನ ಕೂಗು ಕೇಳಿತು: "ಜವರಣ್ಣೋ, ನೆಲ ಬಗ್ತಾ ಅದೆ ಕಣಣ್ಣೋ!" ಗಳ ಬಗ್ಗುತ್ತಿದೆ ಎನ್ನಲಿಲ್ಲ, ನೆಲ ಬಗ್ಗುತ್ತಿದೆ ಎಂದಳು. ಜವರಪ್ಪ ಮೇಲಿನಿಂದ "ಎಲ್ರೂ ಅಂಚಿಗೆ ಓಗ್ರೋ, ತೊಲೆ ಮ್ಯಾಲೆ ನಿಂತ್ಕಳ್ರೋ" ಎಂದು ಅರಚಿದ. ಹಾಗೆ ಅರಚಿದ್ದರಿಂದ ಮೇಲಿದ್ದ ಹದಿನಾಲ್ಕು ಜನರೂ ಉಳಿದರು. ಮೊದಲ ಸ್ಲ್ಯಾಬಿನ ನಡುಭಾಗ ಮುರಿದು ಬಿತ್ತು, ಅದರ ಮೇಲೆ ನಿಂತಿದ್ದ ಗಳ, ತಗಡು, ಹಸಿ ಕಾಂಕ್ರೀಟು ಎಲ್ಲವೂ ಅದರ ಹಿಂದೆಯೇ ಇಳಿದವು. ಕೆಂಪಮ್ಮನನ್ನು ಹೊರಗೆ ತೆಗೆಯಲು ನಾಲ್ಕು ಗಂಟೆ ಹಿಡಿಯಿತು. ಕಾಂಕ್ರೀಟು ಅಷ್ಟು ಹೊತ್ತಿಗೆ ಗಟ್ಟಿಯಾಗತೊಡಗಿತ್ತು. ಅವಳ ಕೈಯಲ್ಲಿ ಸಿಮೆಂಟ್ ಚೀಲದ ಕಾಗದದ ಉಂಡೆ ಹಾಗೇ ಇತ್ತು.

ವಿಚಾರಣೆಗೆ ಬಂದ ಅಧಿಕಾರಿ ಅವಶೇಷಗಳ ನಡುವೆ ಓಡಾಡಿ, ನೆಲಮಹಡಿಯಲ್ಲಿ ನಡುವೆ ಗಳಗಳೇ ಇರಲಿಲ್ಲ ಎಂಬುದನ್ನು ಬೇಗನೆ ಕಂಡುಹಿಡಿದರು. ಮುರಿದ ಗಳ ಸಿಗಬೇಕಾದಲ್ಲಿ ಏನೂ ಸಿಗಲಿಲ್ಲ. ನನ್ನನ್ನು ಕರೆದರು.

"ಸೆಂಟ್ರಿಂಗ್ ಯಾರದು?"

"ಜವರಪ್ಪನದು ಸಾರ್."

"ಗಳ ನಿಲ್ಲಿಸೋದು, ತೆಗೆಯೋದು?"

"ಅದು ಅವನ ಕೆಲಸ ಸಾರ್."

ಎರಡೂ ಮಾತು ನಿಜ. ನಾನು ಅಧಿಕಾರಿಗೆ ಒಂದೇ ಒಂದು ಸುಳ್ಳನ್ನೂ ಹೇಳಲಿಲ್ಲ. ಆಮೇಲೆ ಅವರು ಕ್ಯೂಬಿನ ರಿಪೋರ್ಟುಗಳನ್ನು ತಿರುವಿ ಹಾಕಿ, "ಕಾಂಕ್ರೀಟು ಚೆನ್ನಾಗಿಯೇ ಇದೆಯಲ್ಲ, ಹಾಗಾದರೆ ತಪ್ಪು ಗಳದ್ದೇ" ಎಂದರು. ಮ್ಯಾನೇಜರ್ ನಿಟ್ಟುಸಿರು ಬಿಟ್ಟ. ಸೆಂಟ್ರಿಂಗ್‌ನವರು ಒಂದು ಸೈಟಿನ ಗಳವನ್ನು ಅವಸರದಲ್ಲಿ ಕಿತ್ತು ಇನ್ನೊಂದು ಸೈಟಿಗೆ ಸಾಗಿಸುವುದು ಎಲ್ಲರಿಗೂ ಗೊತ್ತಿದ್ದ ವಿಚಾರ. ಜವರಪ್ಪ ಶನಿವಾರ ಕೋಟೆಗೆ ಹೋಗಿದ್ದನ್ನೂ ಎಲ್ಲರೂ ಕಂಡಿದ್ದರು. "ನಾನ್ ಮುಟ್ಟಿಲ್ಲ ಸಾಮಿ" ಎಂದು ಅವನು ಠಾಣೆಯಲ್ಲಿ ಎಷ್ಟು ಹೇಳಿದರೂ ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಲವು ದಿನ ಒಳಗಿದ್ದು ಬಂದ. ಕೇಸು ವರ್ಷಗಟ್ಟಲೆ ಎಳೆದು, ಸಾಕ್ಷಿ ಸಾಲದೆಂದು ಬಿದ್ದುಹೋಯಿತು.

ಅಷ್ಟರಲ್ಲಿ ಅವನ ಹೆಸರು ಗಳ ಕಿತ್ತ ಜವರ ಎಂದಾಗಿತ್ತು. ಬೆಳಿಗ್ಗೆ ಆಳುಗಳು ಕೆಲಸಕ್ಕಾಗಿ ಕಾದು ನಿಲ್ಲುವ ಜಾಗವೊಂದು ಹುಣಸೂರಿನಲ್ಲಿದೆ. ಮೇಸ್ತ್ರಿಗಳು ಬಂದು, ಬೇಕಾದಷ್ಟು ಜನರನ್ನು ಟೆಂಪೊ ಹತ್ತಿಸಿಕೊಂಡು ಹೋಗುತ್ತಾರೆ. ಜವರಪ್ಪ ಅಲ್ಲಿಗೆ ಬಂದರೆ ಹೆಂಗಸರು ತಿರುಗಿ ನಿಲ್ಲುತ್ತಿದ್ದರಂತೆ. ಅವನ ಸ್ಲ್ಯಾಬಿನ ಕೆಳಗೆ ಯಾರು ನಿಲ್ಲುತ್ತಾರೆ? ಕೊನೆಗೆ ಉಳಿದ ತಗಡು, ಗಳ ಮಾರಿ, ಕೆ.ಆರ್. ನಗರದ ಕಡೆ ಒಂದು ಅಕ್ಕಿ ಗಿರಣಿಯಲ್ಲಿ ಕಾವಲಿಗೆ ಸೇರಿಕೊಂಡ ಎಂದು ಕೇಳಿದೆ.

ನಾನು ಕೆಲಸ ಮುಂದುವರಿಸಿದೆ. ಮರದ ಗಳ ಹೋಗಿ ಎಲ್ಲ ಕಡೆ ಕಬ್ಬಿಣದ ಜಾಕಿ ಬಂತು. ಮಿಕ್ಸರ್ ಹೋಗಿ, ಮೈಸೂರಿನಿಂದ ಕಲಸಿದ ಕಾಂಕ್ರೀಟು ಉರುಳುವ ಡ್ರಮ್ಮಿನ ಲಾರಿಯಲ್ಲಿ ಬರತೊಡಗಿತು. ಸಭೆಗಳಲ್ಲಿ ಸುರಕ್ಷತೆಯ ಬಗ್ಗೆ ಭಾಷಣ ಮಾಡುವಾಗ ಕೆಳಗಿನ ಆಸರೆ ತೆಗೆಯಬಾರದು ಎಂದು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವನು ನಾನೇ. ಕ್ಯೂಬಿನ ನೈವೇದ್ಯವನ್ನು ಮಾತ್ರ ಆಮೇಲೆ ಮಾಡಲಿಲ್ಲ. ಅಕ್ಕನ ಮನೆಗೆ ಹೋದರೆ ಬ್ಯಾರನ್ನಿನ ಕಡೆ ಮುಖ ಹಾಕುತ್ತಿರಲಿಲ್ಲ. ಭಾವನಿಗೆ ಎಲ್ಲ ತಿಳಿದಿತ್ತು. ಒಮ್ಮೆ ಮಾತ್ರ ಕೈ ತೊಳೆಯುತ್ತ, "ನಾನು ಬರ್ಬಾರ್ದಾಗಿತ್ತು ಕಣಪ್ಪ" ಎಂದರು. ಮತ್ತೆ ನಾವಿಬ್ಬರೂ ಆ ಮಾತೆತ್ತಲಿಲ್ಲ.

ಪಾಲಿಟೆಕ್ನಿಕ್ಕಿನಿಂದ ಬಂದ ನಾಲ್ಕನೇ ದಿನ ಕೆ.ಆರ್. ನಗರದ ಬಸ್ಸು ಹತ್ತಿದೆ. ಗಿರಣಿಯ ಗೇಟಿನ ಬಳಿ ಜವರಪ್ಪ ಸ್ಟೂಲಿನ ಮೇಲೆ ಕೂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದು ನಿಂತು, "ಬನ್ನಿ ಸಾ" ಎಂದು ಸ್ಟೂಲು ಒರೆಸಿದ. ನಾನು ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಭಾವ ಬಂದದ್ದು, ಇಪ್ಪತ್ತೆರಡು ಗಳ, ಬ್ಯಾರನ್ನು, ಕ್ಯೂಬು, ಏಣಿಯ ಹತ್ತಿರ ನಾನು ಕೊಟ್ಟ ಉತ್ತರ.

ಅವನು ಗೇಟಿನ ಸರಳು ಹಿಡಿದುಕೊಂಡ. ಬೈಯುತ್ತಾನೆ, ಹೊಡೆದರೂ ಹೊಡೆಯಲಿ ಎಂದು ಕಾದೆ.

"ನಾನು ನಮ್ಮ ಕೆಂಚನ್ ಮೇಲೆ ಅನುಮಾನ ಪಟ್ಟೆ ಸಾ" ಎಂದ. "ಅವ್ನೇ ಯಾರ್ಗೋ ಮಾರ್ಕಂಡವ್ನೆ ಅಂತ. ಮನೆ ಮುಂದೆ ಕಟ್ಟಾಕಿ ಒಡ್ದೆ. ನಮ್ಮವ್ವ ಕಾಲ್ ಇಡ್ಕಂಡ್ರೂ ಬುಡ್ನಿಲ್ಲ. ಅವತ್ತು ಕೊಡಗ್ನ ಕಡೀಕ್ ಓದೋನು ತಿರ್ಗಿ ಬರ್ನಿಲ್ಲ. ತೋಟ್ದಾಗೆ ಏನೋ ಜ್ವರ ಬಂದು ಸತ್ತ ಅಂದ್ರು. ಮಣ್ಣಿಗೂ ನಾನ್ ಓಗ್ನಿಲ್ಲ."

ನನಗೆ ಕೆಂಚನ ವಿಷಯ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಒಂದು ಸಾವಿನ ಲೆಕ್ಕ ಇಟ್ಟುಕೊಂಡಿದ್ದೆ. "ತಪ್ಪಾಯ್ತು ಜವರಪ್ಪ" ಎಂದೆ. ಆ ಮಾತು ಎಷ್ಟು ಚಿಕ್ಕದೆಂದು ಬಾಯಿಂದ ಬಂದ ಮೇಲೆ ತಿಳಿಯಿತು.

"ನನ್ಗ್ ಯೋಳಿ ಏನಾಗ್ಬೇಕು ಸಾ. ನಾನ್ ಕಿತ್ತಿಲ್ಲ ಅನ್ನೋದು ನನ್ಗ್ ಮೊದ್ಲೇ ಗೊತ್ತಿತ್ತು" ಎಂದ. ರಸ್ತೆಯ ಕಡೆಗೆ ಕೈ ತೋರಿಸಿದ. "ಉಣ್ಸೂರ್ನಾಗೆ ಬೆಳಿಗ್ಗೆ ಆಳ್ಗಳು ನಿಂತ್ಕತರಲ್ಲ, ಅಲ್ಲೋಗಿ ಯೋಳಿ. ನನ್ನ ಎಸ್ರು ಓಗಿದ್ದು ಅಲ್ಲಿ." ಅಷ್ಟು ಹೇಳಿ, ಬಂದ ಲಾರಿಗೆ ಗೇಟು ತೆಗೆಯಲು ಹೋದ. ಮತ್ತೆ ನನ್ನ ಕಡೆ ನೋಡಲಿಲ್ಲ.

ಠಾಣೆಗೆ ಬರೆದು ಕೊಡುವುದು ಸುಲಭವಾಗಿತ್ತು, ಅದನ್ನು ಮೊದಲು ಮಾಡಿದೆ. ಒಬ್ಬ ಇನ್ಸ್‌ಪೆಕ್ಟರ್ ಎರಡು ಸಲ ಓದಿ, ಮುಗಿದ ಕೇಸು, ನೋಡೋಣ ಎಂದು ಫೈಲಿಗೆ ಸೇರಿಸಿದರು. ಆಳುಗಳು ನಿಲ್ಲುವ ಜಾಗಕ್ಕೆ ಹೋಗಲು ಮಾತ್ರ ನನಗೆ ಇನ್ನೂ ಹತ್ತು ದಿನ ಬೇಕಾಯಿತು.

ಏಳು ಗಂಟೆಗೆ ಹೋದೆ. ಮೂವತ್ತು ನಲವತ್ತು ಜನ ಇದ್ದರು, ಕೈಯಲ್ಲಿ ಊಟದ ಡಬ್ಬಿ, ಹೆಗಲ ಮೇಲೆ ಹಳೇ ಟವೆಲು. ಕೆಲವು ಹಳಬರು ಗುರುತು ಹಿಡಿದು, ಕೆಲಸಕ್ಕೆ ಕರೆಯಲು ಬಂದೆನೆಂದು ಸುತ್ತ ಬಂದರು. ರಸ್ತೆಯ ಆಚೆ ಬದಿ ಟೀ ಅಂಗಡಿಯ ಮುಂದೆ ಜವರಪ್ಪ ನಿಂತಿದ್ದ. ನಾನು ಬರುವ ದಿನ ಅವನಿಗೆ ಹೇಳಿ ಕಳಿಸಿದ್ದೆ. ಈಚೆ ದಾಟಲಿಲ್ಲ.

ನಾನು ಹೇಳಿದೆ. ಗಳ ಕಿತ್ತವನು ಜವರಪ್ಪ ಅಲ್ಲ, ನಾನು. ಸೊಪ್ಪು ಬೇಯಿಸಲು ಕೊಟ್ಟೆ. ಕೇಳಿದ್ದಕ್ಕೆ ಎಲ್ಲ ಇದೆ ಎಂದು ಸುಳ್ಳು ಹೇಳಿ ಮೇಲೆ ಹತ್ತಿಸಿದೆ. ಒಬ್ಬ ಮುದುಕ ಕ್ಯಾಕರಿಸಿ ಪಕ್ಕಕ್ಕೆ ಉಗಿದ. ಯಾರೋ "ಥೂ, ಈಗ್ ಬಂದವ್ನೆ" ಎಂದರು.

ಹಿಂದಿನಿಂದ ಮೂವತ್ತರ ಹತ್ತಿರದ ಹೆಂಗಸೊಬ್ಬಳು ಮುಂದೆ ಬಂದಳು. ಕೆಂಪಮ್ಮನ ಕಣ್ಣೇ. ಅವಳ ಮಗಳು ಮಂಜುಳಾ ಎಂದು ಪಕ್ಕದವರು ಹೇಳುವ ಮುಂಚೆಯೇ ಗೊತ್ತಾಯಿತು. ತಾಯಿ ಸತ್ತ ಮೇಲೆ ಕಾಲೇಜು ಬಿಟ್ಟು ಬಾಂಡ್ಲಿ ಹೊರಲು ಬಂದವಳು. ನಡುನೆತ್ತಿಯಲ್ಲಿ ಅವಳಿಗೂ ಕೂದಲು ತೆಳುವಾಗಿತ್ತು. ಜವರಪ್ಪ ಬಂದರೆ ಎಲ್ಲರಿಗಿಂತ ಮೊದಲು ತಿರುಗಿ ನಿಲ್ಲುತ್ತಿದ್ದವಳು ಅವಳೇ ಎಂದು ಆಮೇಲೆ ಕೇಳಿದೆ.

ಅವಳು ನನ್ನನ್ನು ನೋಡಿದಳು. ಆಮೇಲೆ ರಸ್ತೆಯ ಆಚೆ ನಿಂತಿದ್ದವನನ್ನು ನೋಡಿದಳು. ಅಷ್ಟರಲ್ಲಿ ಟೆಂಪೊ ಬಂದು ನಿಂತು ಹಾರ್ನ್ ಹೊಡೆಯಿತು.

"ಆ ಸೊಪ್ಪು ಚೆನ್ನಾಗ್ ಬೆಂತಾ ಸಾ?" ಎಂದು ಕೇಳಿದಳು.

ಅವಳಿಗೂ ಸುಳ್ಳು ಹೇಳಬಹುದಾಗಿತ್ತು.

"ಚೆನ್ನಾಗಿ ಬೆಂತು ಕಣವ್ವ" ಎಂದೆ. "ಒಂದೆಲೆಯೂ ಕಪ್ಪಾಗಲಿಲ್ಲ."

ಅವಳು ತಲೆಯಾಡಿಸಿ, ಡಬ್ಬಿಯನ್ನು ಮೊದಲು ಮೇಲಿಟ್ಟು, ಟೆಂಪೊ ಹತ್ತಿದಳು.